ಅತ್ತೆ ಕರೆದ ಆಟ

ನನ್ನ ಅತ್ತೆ ದ್ಯಾಮವ್ವನವರ ಬಾಯಿ ಬಲು ಜೋರು ಎಂದು ಯಾರಾದರೂ ನಿಮಗೆ ಹೇಳಿದ್ದರೆ ಅದು ಸುಳ್ಳಲ್ಲ. ಅವರ ಹಟ, ಮೂಗಿನ ತುದಿಯ ಸಿಟ್ಟು, ಒಗ್ಗರಣೆಗೆ ಸಾಸಿವೆ ಹೆಚ್ಚಾಯಿತೆಂದು ಮೂರು ದಿನ ಮುಖ ಊದಿಸಿಕೊಂಡು ಓಡಾಡುವುದು, ಎಲ್ಲ ನಿಜ. ನಾನೇ ಸಾಕ್ಷಿ. ಇಷ್ಟನ್ನೂ ಒಪ್ಪಿಕೊಂಡು ಹೇಳುತ್ತೇನೆ, ಅವರನ್ನು ನೆನೆಯದೆ ನಾನು ಒಂದು ದಿನವೂ ಒಲೆ ಹಚ್ಚಿಲ್ಲ. ಅತ್ತೆಯನ್ನು ಹೀಗೆ ಹೊಗಳುವ ಸೊಸೆಗೆ ಬುದ್ಧಿ ಸರಿಯಿಲ್ಲ ಎಂದು ಅನ್ನಿಸಿದರೆ ಪೂರ್ತಿ ಕೇಳಿ, ಆಮೇಲೆ ಅನ್ನಿ.

ನಾನು ಮದುವೆಯಾಗಿ ಹೋದ ಆ ಊರಿನಲ್ಲಿ ಯಾರೂ ತಮಗೇನು ಬೇಕೆಂದು ತಾವೇ ಹೇಳುವುದಿಲ್ಲ. ಎದುರಿಗಿದ್ದವರು ಹೇಳಬೇಕು. ಕಿರಾಣಿ ಅಂಗಡಿಗೆ ಹೋದರೆ ಸುಮ್ಮನೆ ನಿಲ್ಲುವುದು ಅಷ್ಟೇ. ಅಂಗಡಿಯವನು ಮುಖ ನೋಡಿ, ‘ಮನಿಗೆ ಬೀಗರು ಬಂದಾರ, ಒಂದು ಸೇರು ರವಾ ಬೇಕು’ ಎನ್ನುತ್ತಾನೆ. ನಾವು ತಲೆಯಾಡಿಸುತ್ತೇವೆ. ಊಟಕ್ಕೆ ಕೂತವರು ಇನ್ನೊಂದು ರೊಟ್ಟಿ ಕೇಳುವಂತಿಲ್ಲ. ಬಡಿಸುವವಳು ಮಂದಬುದ್ಧಿಯವಳಾದರೆ ಅರೆಹೊಟ್ಟೆಯಲ್ಲಿ ಏಳಬೇಕಾಗುತ್ತದೆ. ಕ್ಷೌರಿಕನು ಮೀಸೆ ತೆಗೆದುಬಿಟ್ಟರೆ ಅದೇ ತನ್ನ ಮನಸ್ಸಿನಲ್ಲಿತ್ತೇನೋ ಎಂದುಕೊಂಡು ಗಂಡಸರು ಮನೆಗೆ ಬರುತ್ತಾರೆ. ಯಾಕೆ ಹೀಗೆ ಎಂದು ಕೇಳಿದವರನ್ನು ನಾನು ಕಂಡಿಲ್ಲ.

ನನಗೆ ಇದು ಗೊತ್ತಿರಲಿಲ್ಲ. ಮನೆ ತುಂಬಿಸಿಕೊಂಡ ದಿನ ಹೊಸ ಸೀರೆಯಲ್ಲಿ ಬೆವರುತ್ತ ಕೂತವಳು, ‘ನನಗ ನೀರು ಬೇಕು’ ಎಂದುಬಿಟ್ಟೆ. ಕೂಡಿದ್ದ ಹೆಂಗಸರೆಲ್ಲ ಬಾಯಿ ಮೇಲೆ ಸೆರಗು ಹಿಡಿದರು. ಅತ್ತೆ ಎದ್ದು ನಿಂತು, ‘ಕೇಳಿದ್ರಿಲ್ಲೋ, ನನ್ನ ಮನಸ್ಸು ಹ್ಯಾಂಗ ಹೇಳಿದ್ಲು ನನ್ನ ಸೊಸಿ! ಆಗಿಂದ ನನಗ ನೀರಡಿಕಿ’ ಎಂದವರೇ ತಂಬಿಗೆ ಎತ್ತಿ ಅರ್ಧ ನೀರು ಗಟಗಟ ಕುಡಿದರು. ಉಳಿದರ್ಧವನ್ನು ನನ್ನ ಕೈಗಿಟ್ಟರು. ಅಂದು ರಾತ್ರಿಯ ಅಡುಗೆಗೆ ಉಪ್ಪು ಹಾಕಿಲ್ಲವೆಂದು ನನ್ನನ್ನು ಬೈದದ್ದೂ ಅವರೇ, ಅಡುಗೆ ಮಾಡಿದವಳು ನಾನಲ್ಲದಿದ್ದರೂ.

ಊರ ಈ ನಡವಳಿಕೆಗೆಲ್ಲ ಮೂಲ ಊರೊಳಗೆ ಬರುವ ದಾರಿಯ ಅಗಸಿಬಾಗಿಲ ಹತ್ತಿರದ ಕಟ್ಟೆಯ ಮೇಲಿರುವ ಚದುರಂಗದ ಮಣೆ. ಆ ಮಣೆಯ ಮೇಲೆ ನಿಮ್ಮ ಸರದಿ ಬಂದಾಗ ಎದುರಾಳಿಯ ಮನಸ್ಸಿನಲ್ಲಿರುವುದನ್ನು ಮೊದಲು ಬಾಯಿಬಿಟ್ಟು ಹೇಳಬೇಕು. ಸರಿಯಾಗಿ ಹೇಳಿದರೆ ನಿಮ್ಮ ಕಾಯಿ ಏಳುತ್ತದೆ. ತಪ್ಪಾದರೆ ಎರಡೂ ಕೈ ಹಾಕಿ ಜಗ್ಗಿದರೂ ಅಲ್ಲಾಡುವುದಿಲ್ಲ. ಒಂದು ಸರದಿಯಲ್ಲಿ ಮೂರು ಸಲ ತಪ್ಪಿದರೆ ಸೋತ ಹಾಗೆ. ಊರಲ್ಲಿ ಇಬ್ಬರ ನಡುವೆ ಏನೇ ತಕರಾರು ಬಂದರೂ ಒಬ್ಬರು ಇನ್ನೊಬ್ಬರನ್ನು ಆಟಕ್ಕೆ ಕರೆಯುತ್ತಾರೆ. ಯಾತಕ್ಕೆಂದು ಕರೆದವರು ಹೇಳುವುದಿಲ್ಲ, ಆಟದಲ್ಲಿ ತಾನೇ ಬಯಲಾಗುತ್ತದೆ. ಕರೆದವರು ಗೆದ್ದರೆ ಅವರ ಮನಸ್ಸಿನಂತೆ ಆಗಬೇಕು, ಊರಲ್ಲಿ ಯಾರೂ ಚಕಾರ ಎತ್ತುವಂತಿಲ್ಲ. ಸೋತರೆ ಆ ಮಾತನ್ನು ಮತ್ತೆಂದೂ ತೆಗೆಯುವಂತಿಲ್ಲ.

ಹೀಗಾಗಿ ಅಲ್ಲಿ ಹೆಣ್ಣು ಗಂಡು ಎನ್ನದೆ ಎಲ್ಲರಿಗೂ ಚದುರಂಗ ಬರುತ್ತದೆ. ನನಗೆ ಕಲಿಸಿದ್ದು ಅತ್ತೆ. ಅಡುಗೆಮನೆಯ ನೆಲದ ಮೇಲೆ ಸಾದಾ ಕಾಯಿ ಹರಡಿಕೊಂಡು, ಕುಕ್ಕರಗಾಲಿನಲ್ಲಿ ಕೂತು, ಲಟ್ಟಣಿಗೆಯನ್ನು ಬೆತ್ತದ ಹಾಗೆ ಹಿಡಿದು ಕಲಿಸಿದರು. ‘ಕಾಯಿ ಎಲ್ಲಿಗೆ ಬಂತು ಅನ್ನೂದು ಕುರುಡರಿಗೂ ತಿಳೀತೈತಿ. ಯಾಕ ಬಂತು, ಇಲ್ಲಿಂದ ಎಲ್ಲಿಗೆ ಹೊಂಟೈತಿ, ಬರೂ ಮುಂದ ಯಾವ ಮನಿ ಖಾಲಿ ಬಿಟ್ಟು ಬಂತು, ಇದನ್ನ ನೋಡಬೇಕು’ ಎನ್ನುತ್ತಿದ್ದರು. ನಾನು ನನ್ನದೇ ಹಂಚಿಕೆಯಲ್ಲಿ ಮುಳುಗಿ ಅವರ ಕುದುರೆಯನ್ನು ಮರೆತಾಗಲೆಲ್ಲ ಲಟ್ಟಣಿಗೆ ನೆಲಕ್ಕೆ ಬಡಿಯುತ್ತಿತ್ತು. ಆರೇಳು ವರ್ಷ ಹೋಗುವಷ್ಟರಲ್ಲಿ ನಾಲ್ಕು ಆಟಕ್ಕೆ ಒಂದು ನಾನು ಗೆಲ್ಲತೊಡಗಿದೆ.

ಅಷ್ಟರಲ್ಲಿ ನನ್ನ ಗಂಡ ಸೋಮನಿಂಗ ಮನೆಯಲ್ಲಿರಲಿಲ್ಲ. ಮದುವೆಯಾದ ಆರನೆಯ ವರ್ಷ, ಪರಊರಿನಲ್ಲಿ ಚದುರಂಗದ ಕಾಯಿ ಮಾರಿಕೊಂಡು ಬರುತ್ತೇನೆಂದು ಎರಡು ಚೀಲ ಹೊತ್ತು ಹೋದವನು ತಿರುಗಿ ಬರಲಿಲ್ಲ. ಕಾಗದವಿಲ್ಲ, ಸುದ್ದಿಯಿಲ್ಲ. ನಾವು ಇಬ್ಬರೂ ಹೆಂಗಸರು ಅವನ ಹಾದಿ ನೋಡಿದೆವು. ದಿನಾ ಸಂಜೆ ಅವನ ತಾಟಿಗೂ ಬಡಿಸಿ ಮುಚ್ಚಿಡುವುದು, ಬೆಳಿಗ್ಗೆ ಅದನ್ನು ಎಮ್ಮೆಗೆ ಹಾಕುವುದು. ಹೀಗೆ ಏಳು ವರ್ಷ.

ನಾನು ಮನೆಯಲ್ಲಿ ಕೂತು ಕಾಯಿಗಳಿಗೆ ಅರಗಿನ ಬಣ್ಣ ಹಚ್ಚುತ್ತಿದ್ದೆ. ಅವುಗಳನ್ನು ಕಡೆದು ತರುತ್ತಿದ್ದವನು ಮೌನೇಶ. ಹೆಂಡತಿ ತೀರಿಹೋಗಿ ಒಂಟಿಯಾಗಿದ್ದ, ಮಾತು ಕಡಿಮೆ. ವಾರಕ್ಕೊಮ್ಮೆ ಬುಟ್ಟಿ ಇಳಿಸಿ, ‘ನಿಮಗ ಕೆಂಪು ಅರಗು ತೀರೇತಿ’ ಎನ್ನುತ್ತಿದ್ದ. ‘ನಿಮಗ ಚಹಾ ಬೇಕು’ ಎನ್ನುತ್ತಿದ್ದೆ. ಎರಡು ವರ್ಷ ನಮ್ಮ ಮಾತು ಅರಗು ಮತ್ತು ಚಹಾ ದಾಟಲಿಲ್ಲ. ಬೇರೆ ಊರಾಗಿದ್ದರೆ ಅವನು ಒಂದು ಮಾತು ಕೇಳುತ್ತಿದ್ದ, ನಾನು ಒಂದು ಮಾತು ಹೇಳುತ್ತಿದ್ದೆ. ಇಲ್ಲಿ ಅವನ ಮನಸ್ಸನ್ನು ನಾನು ಹೇಳಬೇಕು, ನನ್ನದನ್ನು ಅವನು. ಇಬ್ಬರ ಮನಸ್ಸಿನಲ್ಲಿಯೂ ಇದ್ದದ್ದು ಒಂದೇ. ಅವನದನ್ನು ಹೇಳಿದರೆ ನನ್ನದನ್ನೇ ಹೇಳಿಕೊಂಡ ಹಾಗಾಗುತ್ತದಲ್ಲ ಎಂದು ನಾನು ಸುಮ್ಮನಿದ್ದೆ; ಅವನೂ ಇದೇ ಲೆಕ್ಕ ಹಾಕಿ ಸುಮ್ಮನಿದ್ದನಂತೆ, ಆಮೇಲೆ ಗೊತ್ತಾಯಿತು. ಊರಿನವರು ನಮ್ಮ ಪರವಾಗಿ ಹೇಳಬಹುದಿತ್ತು. ಆದರೆ ಮಗನಿಗಾಗಿ ಕಾದು ಕೂತ ತಾಯಿಯ ಎದುರಿಗೆ ಆ ಮಾತನ್ನು ಎತ್ತುವ ಎದೆ ಯಾರಿಗಿದೆ?

ಒಂದು ಮಧ್ಯಾಹ್ನ ಹಿತ್ತಿಲಲ್ಲಿ ಬಟ್ಟೆ ಒಣಹಾಕುತ್ತಿದ್ದೆ. ಪಡಸಾಲೆಯಲ್ಲಿ ಅತ್ತೆ ಪಕ್ಕದ ಮನೆಯ ನೀಲವ್ವನ ಜೊತೆ ಅವರೆಕಾಯಿ ಸುಲಿಯುತ್ತ ಕೂತಿದ್ದರು. ಗಾಳಿಗೆ ಒಂದು ಮಾತು ಕಿವಿಗೆ ಬಿತ್ತು.

‘ಆಕಿನ್ನ ಬಿಡಿಸಬೇಕವ್ವಾ. ಇನ್ನ ತಡಾ ಮಾಡಬಾರದು.’

ನನ್ನ ಕೈಯಲ್ಲಿದ್ದ ಒದ್ದೆ ಸೀರೆ ಮಣ್ಣಿಗೆ ಬಿತ್ತು. ಬಿಡಿಸುವುದೆಂದರೆ ಇನ್ನೇನು, ಮನೆ ಬಿಡಿಸುವುದು. ಮೌನೇಶ ಬಂದಾಗ ನನ್ನ ಮುಖ ಹೇಗಾಗುತ್ತದೆಂದು ನೋಡಿರಬೇಕು, ಮಗನ ಮನೆಯಲ್ಲಿ ಇಂಥವಳು ಇರಬಾರದೆಂದು ನಿಶ್ಚಯ ಮಾಡಿರಬೇಕು. ತವರಿನಲ್ಲಿ ತಂದೆತಾಯಿ ಇರಲಿಲ್ಲ. ಅಣ್ಣ ತನ್ನ ಸಂಸಾರವನ್ನೇ ಒಂದು ಕೋಣೆಯಲ್ಲಿ ತುರುಕಿಕೊಂಡಿದ್ದ. ಮರುದಿನ ಕಟ್ಟೆಯ ಆಟ ನೋಡಿಕೊಳ್ಳುವ ಗದಿಗೆಪ್ಪ ಕಾಕಾ ಬಾಗಿಲಿಗೆ ಬಂದು, ‘ಹೂವಕ್ಕ, ಸೋಮವಾರ ಮುಂಜಾನೆ ನಿನ್ನ ಅತ್ತಿ ನಿನ್ನನ್ನ ಆಟಕ್ಕ ಕರದಾಳ’ ಎಂದು ಹೇಳಿ ಹೋದರು. ಒಂದೇ ಸೂರಿನಡಿ ಇರುವವರು ಒಬ್ಬರನ್ನೊಬ್ಬರು ಕರೆದದ್ದನ್ನು ಊರು ಕಂಡಿರಲಿಲ್ಲ. ಅತ್ತೆ ಒಳಗೆ ಏನೂ ಆಗದವರ ಹಾಗೆ ಮಜ್ಜಿಗೆ ಕಡೆಯುತ್ತಿದ್ದರು. ಗೆಲ್ಲಲೇಬೇಕೆಂದು ನಾನು ಹಲ್ಲು ಕಚ್ಚಿದೆ.

ಸೋಮವಾರ ಕಟ್ಟೆಯ ಸುತ್ತ ಊರೇ ನೆರೆದಿತ್ತು. ಮೌನೇಶ ತೋಳಿನ ಮೇಲೆ ಮರದ ಪುಡಿ ಮೆತ್ತಿಕೊಂಡೇ ಬಂದು ಹಿಂದೆ ನಿಂತಿದ್ದ. ಬಿಳಿ ಕಾಯಿ ನನ್ನದು, ಮೊದಲ ನಡೆಯೂ ನನ್ನದೇ. ‘ನಡುವಿನ ಮನಿ ಹಿಡೀಬೇಕಂತ ಮಾಡೀರಿ’ ಎಂದೆ. ಕಾಲಾಳು ಹೂವಿನ ಹಾಗೆ ಎದ್ದಿತು. ಹದಿಮೂರು ವರ್ಷ ಒಂದೇ ಒಲೆಯ ಮುಂದೆ ಕೂತವರಿಗೆ ಇದೇನು ಕಷ್ಟ! ‘ನನ್ನ ಎಡಗಡಿ ಕುದುರಿ ಓಡಿಸಿ ಅದರ ಹಿಂದಿನ ಒಂಟಿಗೆ ಗಾಳಾ ಹಾಕೀರಿ’ ಎಂದು ನಾನು, ‘ರಾಜನ್ನ ಮೂಲ್ಯಾಗ ಕೂಡಿಸಿ ಮಂತ್ರಿನ್ನ ಹೊರಗ ಬಿಡಬೇಕಂತಿ’ ಎಂದು ಅವರು. ಒಂದು ಸಲವೂ ತಪ್ಪದೆ ಹತ್ತು ಹನ್ನೆರಡು ನಡೆ ನಡೆದವು. ನಾನು ರಾಜನನ್ನು ಮೂರು ಕಾಲಾಳುಗಳ ಹಿಂದೆ ಭದ್ರವಾಗಿ ಕೂರಿಸಿ, ಕುದುರೆ ಮಂತ್ರಿ ಎರಡನ್ನೂ ಅವರ ರಾಜನ ಕಡೆಗೆ ನುಗ್ಗಿಸಿದೆ. ಜನ ನನ್ನ ಕಡೆ ವಾಲತೊಡಗಿದ್ದು ಗೊತ್ತಾಗುತ್ತಿತ್ತು.

ಆದರೆ ಆ ಮಣೆಯ ಸ್ವಭಾವವೇ ಹಾಗೆ. ಮೊದಮೊದಲು ನಡೆಯ ಹಂಚಿಕೆ ಹೇಳಿದರೆ ಸಾಕು, ಆಟ ಬಲಿತ ಮೇಲೆ ಹಂಚಿಕೆಯ ಹಿಂದಿನ ಮನಸ್ಸನ್ನೇ ಕೇಳುತ್ತದೆ. ಅತ್ತೆ ತಮ್ಮ ಆನೆಯ ಮೇಲೆ ಕೈಯಿಟ್ಟು, ‘ಕುದುರಿ ಕೊಟ್ಟು ನನ್ನ ರಾಜನ್ನ ಬಯಲಿಗೆ ಎಳೀಬೇಕಂತಿ’ ಎಂದರು. ನನ್ನ ಹಂಚಿಕೆ ಅದೇ ಆಗಿತ್ತು. ಆದರೂ ಆನೆ ಏಳಲಿಲ್ಲ. ಅತ್ತೆ ಒಂದು ಗಳಿಗೆ ಕಣ್ಣು ಮುಚ್ಚಿದರು. ಆಮೇಲೆ ಊರಿಗೆಲ್ಲ ಕೇಳುವಂತೆ ಹೇಳಿದರು.

‘ನನ್ನ ಮಗನ ಹಾದಿ ನೋಡಿ ನೋಡಿ ನಿನಗ ಸಾಕಾಗೇತಿ. ದಿನಾ ಸಂಜಿಗೆ ಅವನ ತಾಟು ಹಚ್ಚೂದು ಸಾಕಾಗೇತಿ. ಮೌನೇಶನ ಮನ್ಯಾಗ ದೀಪಾ ಹಚ್ಚಬೇಕಂತಿ.’

ಆನೆ ಎದ್ದಿತು. ಅವರು ಅದನ್ನು ತೆರೆದ ಸಾಲಿಗೆ ತಂದಿಟ್ಟರು.

ನೆಲ ಬಿರಿದು ನನ್ನನ್ನು ನುಂಗಬಾರದೇ ಎನ್ನಿಸಿತು. ನಾನು ಯಾರಿಗೂ ಹೇಳದ ಮಾತು ಅದು. ಕಾಯಿ ಎದ್ದ ಮೇಲೆ ಅಲ್ಲವೆನ್ನುವ ಹಾಗೂ ಇಲ್ಲ. ಹಿಂದೆ ನಿಂತ ಮೌನೇಶನ ಕಡೆ ತಿರುಗಿ ನೋಡುವ ಧೈರ್ಯವಾಗಲಿಲ್ಲ. ಗದಿಗೆಪ್ಪ ಕಾಕಾ ಕೆಮ್ಮಿ, ‘ನಿನ್ನ ಸರದಿ ತಂಗಿ’ ಎಂದರು.

ನಾನು ಕುದುರೆಯನ್ನು ಹಿಡಿದು, ‘ನನ್ನನ್ನ ಮನಿ ಬಿಡಿಸಬೇಕಂತೀರಿ’ ಎಂದೆ. ಸಿಟ್ಟಿಗೆ ಧ್ವನಿ ಒಡೆಯಿತು. ಕುದುರೆ ಏಳಲಿಲ್ಲ.

‘ಊರ ಮುಂದ ನನ್ನ ಮಾನಾ ಕಳೀಬೇಕಂತೀರಿ.’ ಅದಕ್ಕೂ ಏಳಲಿಲ್ಲ.

ಇನ್ನೊಂದೇ ಉಳಿದಿತ್ತು. ಅತ್ತೆಯ ಮುಖ ನೋಡಿದೆ, ಏನೂ ತಿಳಿಯಲಿಲ್ಲ. ಮುಖ ಬಿಟ್ಟು ಮಣೆ ನೋಡಿದೆ. ಯಾಕ ಬಂತು, ಎಲ್ಲಿಗೆ ಹೊಂಟೈತಿ? ದ್ಯಾಮವ್ವನವರ ಆಟ ನನಗೆ ಗೊತ್ತು. ಸಿಟ್ಟಿದ್ದ ದಿನ ಅವರು ಕಾಯಿಗೆ ಕಾಯಿ ಹೊಡೆಯುತ್ತಾರೆ. ಮಂತ್ರಿ ಹೋದರೂ ಪರವಾಗಿಲ್ಲ, ಎದುರಿನವರ ಮಂತ್ರಿಯೂ ಹೋಗಬೇಕು. ಇಂದು ಹೊಡೆಯಲು ನಾಲ್ಕು ಅವಕಾಶ ಸಿಕ್ಕಿದ್ದವು. ನಾಲ್ಕನ್ನೂ ಬಿಟ್ಟು, ಕೆಳತುಟಿ ಕಚ್ಚಿಕೊಂಡು, ಒಂದೊಂದೇ ಕಾಯಿಯನ್ನು ಎಣಿಸಿ ಎಣಿಸಿ ಇಟ್ಟಿದ್ದರು. ಸಿಟ್ಟಿನ ಆಟವಲ್ಲ ಇದು. ನನಗೆ ಜ್ವರ ಬಂದ ವರ್ಷ ಔಷಧ ಕಾಸುವಾಗ ಹೀಗೆಯೇ ತುಟಿ ಕಚ್ಚಿಕೊಳ್ಳುತ್ತಿದ್ದರು. ನೀಲವ್ವನಿಗೆ ಆ ಮಾತು ಹೇಳಿದಾಗ ಅವರ ಕೈಯಲ್ಲಿ ಅವರೆಕಾಯಿ ಇತ್ತು. ಸಿಪ್ಪೆಯಿಂದ ಕಾಳು ಬಿಡಿಸುತ್ತಿದ್ದರು. ಬಿಡಿಸುವುದು! ಗಂಟು ಬಿಡಿಸುವುದೂ ಅದೇ, ಸೆರೆ ಬಿಡಿಸುವುದೂ ಅದೇ. ನನಗೊಬ್ಬಳಿಗೆ ಬೇರೆ ಅರ್ಥ ಹೊಳೆಯಲೇ ಇಲ್ಲವಲ್ಲ, ಎಂಥ ದಡ್ಡಿ ನಾನು.

‘ಗೆಲ್ಲಬೇಕಂತೀರಿ’ ಎಂದೆ. ‘ಗೆದ್ದು, ನಿಮ್ಮ ಮಗನ ಹಾದಿ ನೋಡೂದರಿಂದ ನನ್ನನ್ನ ಬಿಡಿಸಬೇಕಂತೀರಿ.’

ಕುದುರೆ ಎದ್ದಿತು. ಅದನ್ನು ಎಲ್ಲಿಡಬೇಕೆಂದು ಕಣ್ಣೀರಿನಲ್ಲಿ ಮನೆಗಳೇ ಕಾಣಲಿಲ್ಲ. ಎರಡು ವರ್ಷ ಊರಲ್ಲಿ ಯಾರೂ ಎತ್ತದ ಮಾತನ್ನು, ಎತ್ತಬಾರದವರೇ ಎತ್ತಿದ್ದರು. ಹೆತ್ತ ಮಗ ಇನ್ನು ಬರುವುದಿಲ್ಲವೆಂದು ಒಪ್ಪಿಕೊಂಡ ಹಾಗೆ ಅಲ್ಲವೇ ಅದು? ನನಗೋಸ್ಕರ ಅವರು ಅದನ್ನು ಜನರ ನಡುವೆ ನುಂಗಿದ್ದರು.

‘ಅಳೂದು ಆಮ್ಯಾಲ. ಕುದುರಿ ಇಡು’ ಎಂದರು ಅತ್ತೆ.

ಆಗ ಹೊಸ ಪೇಚು ಶುರುವಾಯಿತು. ನಾನು ಗೆಲ್ಲುತ್ತಿದ್ದೆ! ಗೆದ್ದರೆ ಈ ಮಾತು ಇಲ್ಲಿಗೇ ಮುಗಿಯಿತು, ಜನ್ಮಪೂರ್ತಿ ತಾಟು ಮುಚ್ಚಿಡುತ್ತ ಕೂರಬೇಕು. ಕುದುರೆಯನ್ನು ಎಲ್ಲಾದರೂ ಬಿಟ್ಟುಕೊಡೋಣವೆಂದು ಕೈ ಆಚೀಚೆ ಮಾಡಿದ್ದನ್ನು ಗದಿಗೆಪ್ಪ ಕಾಕಾ ನೋಡಿಬಿಟ್ಟರು. ‘ಬೇಕಂತ ಸೋತ್ರ ಆಟ ರದ್ದು, ಕರದ ಮಾತೂ ರದ್ದು. ಇಬ್ಬರಿಗೂ ನೆನಪಿರಲಿ’ ಎಂದರು. ಅತ್ತೆಗೆ ಅವಮಾನವಾದಂತಾಯಿತು. ‘ಈಕಿ ಬಿಟ್ಟುಕೊಟ್ಟು ನಾ ಗೆಲ್ಲಬೇಕೇನು? ಕಲಿಸಿದಾಕಿ ನಾನು. ಆಡವ್ವಾ ನೀನು, ಕೈಲಾದಷ್ಟು ಆಡು’ ಎಂದು ಸೆರಗು ಸೊಂಟಕ್ಕೆ ಸಿಕ್ಕಿಸಿದರು.

ಆಡಿದೆ. ದೇವರಾಣೆ, ಪ್ರಾಮಾಣಿಕವಾಗಿಯೇ ಆಡಿದೆ. ನನ್ನ ಪ್ರತಿಯೊಂದು ಒಳ್ಳೆಯ ನಡೆಗೂ ನನ್ನ ಎದೆ ಧಸಕ್ಕೆನ್ನುತ್ತಿತ್ತು, ಅವರು ಅದರಿಂದ ಪಾರಾದಾಗ ಉಸಿರು ಬರುತ್ತಿತ್ತು. ನನ್ನ ಮಂತ್ರಿ ಅವರ ರಾಜನ ಬೆನ್ನು ಹತ್ತಿ ಎರಡು ಸಲ ಚೆಕ್ ಕೊಟ್ಟಿತು. ಎರಡೂ ಸಲ ಅವರು ‘ನಾ ಪಾರಾಗಬೇಕಂತಿ’ ಎಂದು ಒಂದು ಮನೆ ಸರಿದು ತಪ್ಪಿಸಿಕೊಂಡರು. ನಾನು ಮತ್ತೆ ಕುದುರೆ ತಂದೆ. ಆಗ ಅವರ ಕಣ್ಣು ನನ್ನ ರಾಜನ ಕಡೆ ಹೋಯಿತು. ಭದ್ರವೆಂದು ಮೂರು ಕಾಲಾಳುಗಳ ಹಿಂದೆ ಕೂರಿಸಿದ್ದೆನಲ್ಲ, ಆ ರಾಜನಿಗೆ ಈಗ ಹೊರಬರಲು ಒಂದು ಕಿಂಡಿಯೂ ಇರಲಿಲ್ಲ. ತೆರೆದ ಸಾಲಿನಲ್ಲಿ ನಿಂತ ಅವರ ಆನೆ ನೇರವಾಗಿ ನನ್ನ ಕೊನೆಯ ಸಾಲಿಗೆ ಇಳಿದರೆ ಆಟ ಮುಗಿಯಿತು. ನನ್ನದೇ ಹಂಚಿಕೆಯಲ್ಲಿ ಮುಳುಗಿ ಅವರ ಆನೆಯನ್ನು ಮರೆತಿದ್ದೆ. ಲಟ್ಟಣಿಗೆ ನೆಲಕ್ಕೆ ಬಡಿದ ಸದ್ದು ಕೇಳಿಸಿದಂತಾಯಿತು. ಅದಕ್ಕಿಂತ ಸಿಹಿಯಾದ ತಪ್ಪನ್ನು ನಾನು ಯಾವತ್ತೂ ಮಾಡಿಲ್ಲ.

ಅತ್ತೆ ಆನೆಯ ಮೇಲೆ ಕೈಯಿಟ್ಟರು. ‘ಮಂತ್ರಿನ್ನ ಹಿಂದಕ್ಕ ಕರಕೊಂಡು ರಾಜನ್ನ ಕಾಯಬೇಕಂತಿ’ ಎಂದರು.

ಆನೆ ಏಳಲಿಲ್ಲ. ಜನ ಮುಂದಕ್ಕೆ ಬಾಗಿದರು.

ನನ್ನ ಮನಸ್ಸಿನಲ್ಲಿದ್ದದ್ದು ಏನೆಂದು ನನಗೆ ಚೆನ್ನಾಗಿ ಗೊತ್ತಿತ್ತು. ಇನ್ನು ಸೋಲುತ್ತೇನೆಂದು ಕಂಡ ಗಳಿಗೆಯಿಂದ ಅದೊಂದೇ ಇತ್ತು. ಆದರೆ ನನ್ನದನ್ನು ನಾನು ಹೇಳುವಂತಿರಲಿಲ್ಲ. ಅತ್ತೆ ಯೋಚಿಸಿದರು. ಬಿಸಿಲು ಏರಿತ್ತು, ಅವರ ಹಣೆಯ ಬೆವರು ಮಣೆಯ ಮೇಲೆ ಬಿತ್ತು. ಆಮೇಲೆ ತಲೆ ತಗ್ಗಿಸಿ, ನಾನು ಅವರಿಂದ ಯಾವತ್ತೂ ಕೇಳದ ಸಣ್ಣ ಧ್ವನಿಯಲ್ಲಿ ಹೇಳಿದರು, ‘ಈ ಮುದುಕಿ ಕೈಯಿಂದ ಪಾರಾದೆ, ಇನ್ನ ಈಕಿ ಮಾರಿ ನೋಡೂದು ಬ್ಯಾಡಪ್ಪಾ ಅಂತಿ.’

ಆನೆ ಏಳಲಿಲ್ಲ. ಅವರ ಮುಖ ಬಿಳಿಚಿತು. ಇನ್ನೊಂದು ಸಲ ತಪ್ಪಿದರೆ ಎಲ್ಲ ಹೋಯಿತು. ಹದಿಮೂರು ವರ್ಷ ನನ್ನ ಹಸಿವು, ನಿದ್ದೆ, ತಲೆನೋವು, ಮುನಿಸು ಎಲ್ಲವನ್ನೂ ನಾನು ಬಾಯಿ ತೆರೆಯುವ ಮೊದಲೇ ಹೇಳಿದ ಹೆಂಗಸಿಗೆ ಈ ಒಂದು ಮಾತು ಹೊಳೆಯುತ್ತಿರಲಿಲ್ಲ. ತಮ್ಮ ಬಗ್ಗೆ ಯಾರಾದರೂ ಹಾಗೆ ಅಂದುಕೊಳ್ಳಬಹುದೆಂಬುದೇ ಅವರ ಲೆಕ್ಕದಲ್ಲಿರಲಿಲ್ಲ. ನಾನು ಅಳತೊಡಗಿದೆ. ಮುಖ ಮುಚ್ಚಿಕೊಳ್ಳಲೂ ಇಲ್ಲ, ಅವರ ಕಡೆಯೇ ನೋಡುತ್ತ ಅಳುತ್ತಿದ್ದೆ.

ಅವರಿಗೆ ರೇಗಿಹೋಯಿತು. ಆಟ, ಸರದಿ, ಸುತ್ತಲಿನ ಜನ ಎಲ್ಲ ಮರೆತು, ಅಡುಗೆಮನೆಯಲ್ಲಿ ಬೈಯುವ ಧ್ವನಿಯಲ್ಲಿಯೇ ಬೈದರು. ‘ಯಾಕ ಹಂಗ ಅಳಕೋತ ನೋಡ್ತಿ ನನ್ನ ಮಾರಿ? ಹ್ಞಾಂ? ಹೋಗೂ ಮುಂದ ಈ ಮುದುಕಿನ್ನೂ ಗಂಟು ಕಟಗೊಂಡು ಆ ಮನಿಗೆ ಹೋಗಬೇಕಂತಿಯೇನ, ಹುಚ್ಚಿ?’

ಆನೆ ಎದ್ದಿತು. ಕೈ ಅದರ ಮೇಲೆ ಇತ್ತೆಂಬುದು ಅವರಿಗೆ ಮರೆತೇ ಹೋಗಿತ್ತು, ಅದು ಎದ್ದ ರಭಸಕ್ಕೆ ಅವರ ಮೊಣಕೈ ಹಿಂದಕ್ಕೆ ಹೋಯಿತು.

ಅತ್ತೆ ಕೈಯಲ್ಲಿದ್ದ ಆನೆಯನ್ನು ನೋಡಿದರು, ನನ್ನನ್ನು ನೋಡಿದರು, ಮತ್ತೆ ಆನೆಯನ್ನು ನೋಡಿದರು. ಆಗ ಹಿಂದಿನಿಂದ ಮೌನೇಶನ ಧ್ವನಿ ಬಂತು. ಅಷ್ಟು ಜನರ ನಡುವೆ ಅವನು ಮಾತಾಡಿದ್ದನ್ನು ಯಾರೂ ಕೇಳಿರಲಿಲ್ಲ.

‘ಅವ್ವಾರಿಗೆ ಅಗಸಿ ಹಾದಿ ಕಾಣೂವಂಥ ಜಗಲಿ ಬೇಕು. ಮಗಾ ಬಂದ್ರ ದೂರದಿಂದನ ಕಾಣಬೇಕು. ನಮ್ಮ ಮನಿ ಮುಂದ ಅಂಥಾದ್ದೊಂದು ಐತಿ.’

ದ್ಯಾಮವ್ವನವರು ತಲೆಯಾಡಿಸಿದರು. ಬಾಯಿ ಜೋರಿನ ನನ್ನ ಅತ್ತೆ ಆನೆಯನ್ನು ಎದೆಗೆ ಅವುಚಿಕೊಂಡು, ಮಣೆಯ ಮೇಲೆ ಇಡುವುದನ್ನೇ ಮರೆತು, ಸಣ್ಣ ಹುಡುಗಿಯ ಹಾಗೆ ಕೂತಿದ್ದರು. ಗದಿಗೆಪ್ಪ ಕಾಕಾ ಎರಡು ಸಲ ಕೆಮ್ಮಿದರು. ಅತ್ತೆಯ ಮನಸ್ಸಿನಲ್ಲಿ ಏನಿದೆಯೆಂದು ಹೇಳುವ ಸರದಿ ಆಗ ಯಾರದ್ದೂ ಆಗಿರಲಿಲ್ಲ. ನಾನು ಮಣೆಯ ಮೇಲಿಂದ ಕೈ ಚಾಚಿ ಅವರ ಮೊಣಕೈ ಮುಟ್ಟಿದೆ. ಆ ಊರಿನಲ್ಲಿ ನನಗೇನು ಬೇಕೆಂದು ನಾನೇ ಬಾಯಿಬಿಟ್ಟು ಕೇಳಿದೆ, ಈ ಸಲ ಯಾರೂ ಸೆರಗು ಬಾಯಿಗೆ ಹಿಡಿಯಲಿಲ್ಲ.

‘ಇಡ್ರಿ ಅತ್ತಿ’ ಎಂದೆ. ‘ಸೋಲಿಸ್ರಿ ನನ್ನ.’